ತರುಣರ ವೈಜ್ಞಾನಿಕ ಕಾದಂಬರಿಗಳೂ ಪ್ರೌಢವಿಷಯವೂ: ಕೆಲವು ತಿದ್ದುಪಡಿಗಳ ಚರಿತ್ರೆ

‘ಪ್ರೌಢ’ ಎಂಬ ಮಾತು ನಮ್ಮ ಬಳಕೆಯಲ್ಲಿ ಎರಡು ಕಡೆಗೆ ಎಳೆಯುತ್ತದೆ. ಹದಿಮೂರು ವರ್ಷದ ಹುಡುಗನು ಸೇರುವ ಶಾಲೆಗೆ ಪ್ರೌಢಶಾಲೆಯೆಂದು ಹೆಸರಿಟ್ಟಿದ್ದೇವೆ. ಅದೇ ಹುಡುಗನ ಕೈಗೆ ಕೊಡಬಾರದೆಂದು ನಮಗೆ ತೋರಿದ ಪುಸ್ತಕವನ್ನು ಕುರಿತು ‘ಇದರ ವಿಷಯವು ಪ್ರೌಢವಾದುದು’ ಎನ್ನುತ್ತೇವೆ. ಹಳಗನ್ನಡ ಕಾವ್ಯಗಳಿಂದ ಪಠ್ಯಭಾಗಗಳನ್ನು ಆಯ್ದುಕೊಡುವ ಉಪಾಧ್ಯಾಯರಿಗೆ ಈ ಇಕ್ಕಟ್ಟು ಹೊಸದಲ್ಲ. ಅಷ್ಟಾದಶವರ್ಣನೆಗಳಲ್ಲಿ ಚಂದ್ರೋದಯವನ್ನು ಉಳಿಸಿಕೊಂಡು ಮಧುಪಾನ ಸುರತಗಳನ್ನು ಬಿಡುವುದೂ, ಹಾಗೆ ಬಿಟ್ಟಲ್ಲಿ ಒಂದೊಂದು ಸಲ ಕಥಾಸಂದರ್ಭವೇ ತಪ್ಪಿಹೋಗುವುದೂ ಅವರು ಬಲ್ಲ ಸಂಗತಿಗಳೇ.

ಈ ಪ್ರಶ್ನೆಯು ಇನ್ನೂ ಸ್ಪಷ್ಟವಾಗಿ ಕಾಣಬರುವ ಒಂದು ಕ್ಷೇತ್ರವುಂಟು. ಅದು ಪಾಶ್ಚಾತ್ಯರ ವೈಜ್ಞಾನಿಕ ಕಾದಂಬರಿ. ಈ ಜಾತಿಯ ಗ್ರಂಥಗಳನ್ನು ಮೊದಲಿನಿಂದಲೂ ಹುಡುಗರ ಓದೆಂದು ಎಣಿಸುತ್ತ ಬಂದಿದ್ದಾರೆ. ಆದರೆ ಯುದ್ಧ, ದಾಸ್ಯ, ಅಧಿಕಾರದ ಕ್ರೌರ್ಯ, ಮನುಷ್ಯಕುಲದ ಅಳಿವು, ಇವೇ ಅವುಗಳಿಗೆ ಸಹಜವಾದ ವಸ್ತುಗಳಾಗಿವೆ. ಓದುಗನು ಎಳೆಯನು, ವಸ್ತುವು ಬೆಳೆದವರದು; ನಡುವೆ ನಿಂತ ಪ್ರಕಾಶಕನು ಏನು ಮಾಡಿದನು? ಏನನ್ನು ತೆಗೆದನು, ಯಾರಿಗೆ ಅಂಜಿ ತೆಗೆದನು, ಗ್ರಂಥಕರ್ತನನ್ನು ಕೇಳಿ ತೆಗೆದನೋ ಕೇಳದೆಯೋ? ಈ ಅಂಶಗಳನ್ನು ಕೆಲವು ಗ್ರಂಥಗಳ ಪಾಠಚರಿತ್ರೆಯಿಂದ ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ. ಪಾಠಾಂತರವೆಂದೊಡನೆ ನಮಗೆ ಓಲೆಯ ಗರಿಗಳೂ ಲಿಪಿಕಾರನ ಕೈತಪ್ಪುಗಳೂ ನೆನಪಿಗೆ ಬರುತ್ತವೆ. ಅಚ್ಚಿನ ಪುಸ್ತಕಗಳಲ್ಲಿಯೂ ಪಾಠಾಂತರಗಳುಂಟು. ಅಲ್ಲಿ ಅವು ಕೈತಪ್ಪಿನಿಂದಲ್ಲ, ಉದ್ದೇಶದಿಂದ ಆದವು.

ಫ್ರಾನ್ಸ್ ದೇಶದ ಜೂಲ್ಸ್ ವರ್ನ್‌ನಿಂದ ತೊಡಗುವುದು ಉಚಿತ. ಆತನ ಪ್ರಕಾಶಕನಾದ ಪಿಯೆರ್ ಜೂಲ್ ಹೆಟ್ಜೆಲ್ 1864ರಲ್ಲಿ ಜ್ಞಾನವನ್ನೂ ವಿನೋದವನ್ನೂ ಒಟ್ಟಿಗೆ ಒದಗಿಸುವ ಕುಟುಂಬಪತ್ರಿಕೆಯೊಂದನ್ನು ಹೊರಡಿಸಿದನು. ತಂದೆತಾಯಿಗಳು ಹಣ ಕೊಟ್ಟು ಕೊಂಡು ಮಕ್ಕಳ ಮುಂದೆ ಇಡತಕ್ಕ ಪತ್ರಿಕೆ ಅದು. ಅದರಲ್ಲಿ ಮೊದಲಿಗೆ ಧಾರಾವಾಹಿಯಾಗಿ ಬಂದುದು ಉತ್ತರಧ್ರುವವನ್ನು ಹುಡುಕಿ ಹೊರಟ ಕ್ಯಾಪ್ಟನ್ ಹ್ಯಾಟೆರಸ್‌ನ ಕಥೆ. ಧ್ರುವಬಿಂದುವು ಒಂದು ಅಗ್ನಿಪರ್ವತದ ಬಾಯೊಳಗಿದೆಯೆಂದು ವರ್ನ್ ಕಲ್ಪಿಸಿದ್ದನು. ಆತನು ಮೊದಲು ಬರೆದಂತೆ, ಹ್ಯಾಟೆರಸ್ ಆ ಬಾಯೊಳಕ್ಕೆ ಹಾರಿ ಸಾಯುತ್ತಾನೆ. ಹೆಟ್ಜೆಲ್‌ಗೆ ಇದು ಒಪ್ಪಿಗೆಯಾಗಲಿಲ್ಲ. ವರ್ನ್ ಮುಕ್ತಾಯವನ್ನು ಮಾರ್ಪಡಿಸಿದನು. 1866ರಲ್ಲಿ ಪುಸ್ತಕವಾಗಿ ಬಂದ ಪಾಠದಲ್ಲಿ ಹ್ಯಾಟೆರಸ್‌ನನ್ನು ಸಂಗಡಿಗನು ಹಿಡಿದೆಳೆದು ಉಳಿಸುತ್ತಾನೆ. ಆದರೆ ಆತನ ಬುದ್ಧಿ ಉಳಿಯುವುದಿಲ್ಲ. ಇಂಗ್ಲೆಂಡಿನ ಒಂದು ಹುಚ್ಚರ ಆಸ್ಪತ್ರೆಯಲ್ಲಿ ಆತನು ತನ್ನ ನಾಯಿಯೊಡನೆ ಪ್ರತಿದಿನವೂ ತೋಟದ ಒಂದೇ ಹಾದಿಯಲ್ಲಿ, ಒಂದೇ ದಿಕ್ಕಿಗೆ ನಡೆಯುತ್ತಾನೆ. ಆ ದಿಕ್ಕು ಉತ್ತರ. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲಿನ ಮುಕ್ತಾಯಕ್ಕಿಂತ ಮೇಲಾದುದು, ಮೊದಲಿನದಕ್ಕಿಂತ ಘೋರವಾದುದೂ ಹೌದು. ಮಕ್ಕಳ ಮನಸ್ಸು ನೋಯದಿರಲೆಂದು ಮಾಡಿದ ತಿದ್ದುಪಡಿಯಿಂದ ಕಾವ್ಯವೂ ಹೆಚ್ಚಿತು, ನೋವೂ ಹೆಚ್ಚಿತು. ತಿದ್ದುಪಡಿಗಳೆಲ್ಲವೂ ಕೆಟ್ಟವೆಂದು ಮೊದಲೇ ಗೊತ್ತುಮಾಡಿಕೊಂಡು ಚರಿತ್ರೆಗೆ ಇಳಿಯುವವರು ಈ ಉದಾಹರಣೆಯನ್ನು ಮರೆಯಲಾಗದು.

ನೀಮೋ ನಾವಿಕನ ವಿಷಯವು ಇದಕ್ಕಿಂತ ಜಟಿಲವಾದುದು. ‘ಕಡಲಡಿಯಲ್ಲಿ ಇಪ್ಪತ್ತು ಸಾವಿರ ಹರಿದಾರಿ’ಯ ನಾಯಕನನ್ನು ವರ್ನ್ ಮೊದಲು ಪೋಲೆಂಡಿನ ಒಬ್ಬ ಶ್ರೀಮಂತನೆಂದು ಭಾವಿಸಿದ್ದನು. 1863ರ ದಂಗೆಯನ್ನು ರಷ್ಯಾದ ಚಕ್ರವರ್ತಿಯ ಸೇನೆಯು ಅಡಗಿಸಿದಾಗ ಹೆಂಡತಿಮಕ್ಕಳನ್ನು ಕಳೆದುಕೊಂಡವನು, ಆದಕಾರಣವೇ ಹಡಗುಗಳನ್ನು ಮುಳುಗಿಸುವವನು. ರಷ್ಯಾದಲ್ಲಿ ಹೆಟ್ಜೆಲ್‌ನ ಪುಸ್ತಕಗಳಿಗೆ ಗಿರಾಕಿಗಳಿದ್ದರು. ನೀಮೋವಿನ ಶತ್ರುಗಳು ಗುಲಾಮರ ವ್ಯಾಪಾರಿಗಳಾಗಲಿ ಎಂದು ಪ್ರಕಾಶಕನು ಸೂಚಿಸಿದನು, ವರ್ನ್ ಒಪ್ಪಲಿಲ್ಲ. ಕಾಗದಗಳ ಮೂಲಕ ಬಹುಕಾಲ ವಾದ ನಡೆಯಿತು. ಕಡೆಗೆ, 1869–70ರಲ್ಲಿ ಪ್ರಕಟವಾದ ಕಾದಂಬರಿಯಲ್ಲಿ ನೀಮೋವಿನ ದೇಶವಾಗಲಿ ದ್ವೇಷದ ಕಾರಣವಾಗಲಿ ಹೇಳಲ್ಪಡಲೇ ಇಲ್ಲ. ಹೇಳಬಾರದುದನ್ನು ಸುಳ್ಳಾಗಿ ಹೇಳುವುದಕ್ಕಿಂತ ಹೇಳದಿರುವುದೇ ಮೇಲೆಂದು ಇಬ್ಬರೂ ಒಪ್ಪಿಕೊಂಡಂತಾಯಿತು.

ಆ ಮೌನವು ಮುರಿದುದು 1875ರಲ್ಲಿ ಮುಗಿದ ‘ರಹಸ್ಯದ್ವೀಪ’ದಲ್ಲಿ. ಅಲ್ಲಿ ನೀಮೋ ಭಾರತೀಯನಾಗಿದ್ದಾನೆ. ಡಕ್ಕರ್ ಎಂಬ ರಾಜಕುಮಾರ. ಬುಂದೇಲಖಂಡದ ರಾಜನ ಮಗ. 1857ರ ದಂಗೆಯಲ್ಲಿ ಇಂಗ್ಲಿಷರ ಮೇಲೆ ಕತ್ತಿ ಹಿಡಿದು ಮನೆಮಂದಿಯನ್ನು ಕಳೆದುಕೊಂಡವನು. ಇವನು ಮೈಸೂರಿನ ಟಿಪ್ಪುವಿಗೆ ನಂಟನೆಂದೂ ವರ್ನ್ ಹೇಳುತ್ತಾನೆ. ಸೋದರಳಿಯನೋ ಸೋದರನ ಮಗನೋ ಫ್ರೆಂಚ್ ಮಾತು ಬಿಡಿಸಿ ಹೇಳುವುದಿಲ್ಲ. 1799ರಲ್ಲಿ ಮಡಿದವನಿಗೂ 1857ರಲ್ಲಿ ಕತ್ತಿ ಹಿಡಿದವನಿಗೂ ಇಂಥ ನಂಟನ್ನು ಕಲ್ಪಿಸಿದುದು ಕಾಲಗಣನೆಯ ದೃಷ್ಟಿಯಿಂದ ಸ್ವಲ್ಪ ಎಳೆದಂತೆ ಇದೆ. ಶ್ರೀರಂಗಪಟ್ಟಣದ ಹೆಸರು ಪ್ಯಾರಿಸಿನ ಹುಡುಗರ ಪುಸ್ತಕದವರೆಗೆ ಮುಟ್ಟಿದುದು ಮಾತ್ರ ನಿಜ. ಇಷ್ಟಕ್ಕೆ ಕಥೆ ನಿಲ್ಲಲಿಲ್ಲ. ಅದೇ 1875ರಲ್ಲಿ ಲಂಡನ್ನಿನಲ್ಲಿ ಹೊರಬಿದ್ದ ಇಂಗ್ಲಿಷ್ ಭಾಷಾಂತರವು ಹುಡುಗರ ಸಾಹಸಕಥೆಗಳ ಕರ್ತನಾದ ಕಿಂಗ್‌ಸ್ಟನ್‌ನ ಹೆಸರಿನಲ್ಲಿ ಬಂದಿತು. ಅದರಲ್ಲಿ ಡಕ್ಕರನ ಪೂರ್ವವೃತ್ತಾಂತವನ್ನು ಇಂಗ್ಲಿಷರ ಮನಸ್ಸಿಗೆ ಹಿತವಾಗುವಂತೆ ತಿದ್ದಿಬಿಟ್ಟಿದ್ದಾರೆ. ಆಳುವವರ ವಿಷಯವಾಗಿ ಮೂಲದಲ್ಲಿದ್ದ ಕಟುವಾದ ಮಾತುಗಳು ಅಲ್ಲಿ ಇಲ್ಲ. ರಷ್ಯಾದವರಿಗಾಗಿ ಒಮ್ಮೆ ಬಾಯಿ ಮುಚ್ಚಿಕೊಂಡ ನೀಮೋ ಮಾತನಾಡಿದೊಡನೆಯೇ ಇಂಗ್ಲಿಷರಿಗಾಗಿ ಮತ್ತೊಮ್ಮೆ ಬಾಯಿ ಮುಚ್ಚಬೇಕಾಯಿತು. ನೀಮೋವನ್ನು ಆ ಭಾಷಾಂತರದ ಮೂಲಕ ಮಾತ್ರ ಬಲ್ಲವರು ಅವನ ದ್ವೇಷವನ್ನು ಅರ್ಧದಷ್ಟು ಮಾತ್ರ ಬಲ್ಲರು.

ಹೆಟ್ಜೆಲ್‌ನ ಪಕ್ಷವಾಗಿ ಒಂದು ಮಾತನ್ನು ಹೇಳಲೇಬೇಕು. ಆತನು ಕೈಬರಹವನ್ನು ಮೊದಲಿಂದ ಕೊನೆಯವರೆಗೆ ಓದಿದನು. ಆತನ ಆಕ್ಷೇಪಣೆಗಳು ಒಂದು ಪದವನ್ನು ಕುರಿತವಲ್ಲ. ನಾಯಕನ ಸಾವು, ರಾಜಕೀಯ ದ್ವೇಷ, ಇಂಥ ಮೂಲವಸ್ತುವನ್ನು ಕುರಿತವು. ಅವುಗಳನ್ನು ಗ್ರಂಥಕರ್ತನಿಗೆ ನೇರವಾಗಿ ಬರೆದು, ಅವನಿಂದ ಉತ್ತರವನ್ನು ಪಡೆದು, ಕೆಲವನ್ನು ಗೆದ್ದು ಕೆಲವನ್ನು ಸೋತನು. ಮುಂದಿನ ಕಾಲವನ್ನು ನೋಡುವಾಗ ಈ ಸಂಗತಿಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಇನ್ನು ಅಮೆರಿಕಕ್ಕೆ ಬರೋಣ. ಎರಡನೆಯ ಮಹಾಯುದ್ಧವು ಮುಗಿದು ಅಣುಬಾಂಬಿನ ಸುದ್ದಿಯು ಮನೆಮನೆಯಲ್ಲಿದ್ದಾಗ ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಪ್ರಕಾಶಕರು ಹದಿಹರೆಯದ ಹುಡುಗರಿಗಾಗಿ ವೈಜ್ಞಾನಿಕ ಕಾದಂಬರಿಗಳನ್ನು ಹೊರಡಿಸಲು ತೊಡಗಿದರು. ಬರೆದವನು ರಾಬರ್ಟ್ ಹೈನ್‌ಲೈನ್, ನೌಕಾದಳದಲ್ಲಿ ಅಧಿಕಾರಿಯಾಗಿದ್ದು ಕಾಯಿಲೆಯಿಂದ ನಿವೃತ್ತನಾದವನು. 1947ರ ‘ರಾಕೆಟ್ ಷಿಪ್ ಗೆಲಿಲಿಯೊ’ ಮೊದಲುಗೊಂಡು 1958ರ ‘ಹ್ಯಾವ್ ಸ್ಪೇಸ್ ಸೂಟ್—ವಿಲ್ ಟ್ರಾವೆಲ್’ವರೆಗೆ, ವರ್ಷಕ್ಕೊಂದರಂತೆ ಹನ್ನೆರಡು ಕಾದಂಬರಿಗಳು. ಮಕ್ಕಳ ಪುಸ್ತಕಗಳ ವಿಭಾಗಕ್ಕೆ ಸಂಪಾದಕಿಯಾಗಿದ್ದವರು ಆಲಿಸ್ ಡಾಲ್ಗ್ಲೀಶ್ (1893–1979). ಹೈನ್‌ಲೈನ್‌ನ ಅಭಿಮಾನಿಗಳು ಈ ಮಹಿಳೆಯನ್ನು ಕತ್ತರಿ ಹಿಡಿದ ಅತ್ತೆಯಂತೆ ಚಿತ್ರಿಸುವುದುಂಟು. ಅದು ನ್ಯಾಯವಲ್ಲ. ಅವರು ಸ್ವತಃ ಮಕ್ಕಳಿಗಾಗಿ ಬರೆದವರು. ಮೂರು ಸಲ ನ್ಯೂಬೆರಿ ಗೌರವವನ್ನು ಪಡೆದವರು. 1954ರ ಅವರ ಒಂದು ಕಥೆಯಲ್ಲಿ ಎಂಟು ವರ್ಷದ ಹುಡುಗಿಯು ತಂದೆಯೊಡನೆ ಕಾಡಿಗೆ ಹೋಗಿ, ಆತನು ಹಿಂದಿರುಗುವವರೆಗೆ ಮೂಲನಿವಾಸಿಗಳ ಮನೆಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಎಳೆಯರು ಭಯವನ್ನು ತಾಳಬಲ್ಲರೆಂಬುದು ಅವರಿಗೆ ತಿಳಿಯದ ವಿಷಯವಲ್ಲ.

ಆದರೆ ಅವರ ಪುಸ್ತಕಗಳನ್ನು ಕೊಳ್ಳುತ್ತಿದ್ದವರು ಯಾರು? ಗಟ್ಟಿ ರಟ್ಟಿನ ಮಕ್ಕಳ ಪುಸ್ತಕಗಳಿಗೆ ಆ ಕಾಲದಲ್ಲಿ ದೊಡ್ಡ ಗಿರಾಕಿಗಳೆಂದರೆ ಶಾಲೆಗಳೂ ಸಾರ್ವಜನಿಕ ಪುಸ್ತಕಾಲಯಗಳೂ. ಒಬ್ಬ ಗ್ರಂಥಪಾಲಕನು ಹುಬ್ಬು ಗಂಟಿಕ್ಕಿದರೆ ನೂರಾರು ಹುಡುಗರಿಗೆ ಪುಸ್ತಕವು ತಪ್ಪುತ್ತಿದ್ದಿತು. ಆದುದರಿಂದ ಡಾಲ್ಗ್ಲೀಶರು ಕೈಬರಹವನ್ನು ಓದುವಾಗ ಅವರ ಹಿಂದೆ ಕಾಣದ ಇನ್ನೊಬ್ಬ ಓದುಗನು ನಿಂತಿರುತ್ತಿದ್ದನು. ಅವನು ಹುಡುಗನಲ್ಲ, ಹುಡುಗನ ಪರವಾಗಿ ಹಣ ಕೊಡುವವನು.

1949ರ ‘ರೆಡ್ ಪ್ಲಾನೆಟ್’ ಕಾದಂಬರಿಯ ವಿಷಯದಲ್ಲಿ ಮೊದಲ ದೊಡ್ಡ ಜಗಳವಾಯಿತು. ಮಂಗಳಗ್ರಹದಲ್ಲಿ ನೆಲೆಸಿದ ವಲಸೆಗಾರರ ಮಕ್ಕಳು ಕ್ರೂರಜಂತುಗಳ ಭಯದಿಂದ ಬಂದೂಕು ಹಿಡಿದು ತಿರುಗುತ್ತಾರೆ. ಹುಡುಗರ ಕೈಯಲ್ಲಿ ಬಂದೂಕಿರುವುದಕ್ಕೆ ಸಂಪಾದಕಿಯ ಆಕ್ಷೇಪಣೆ. ಹೈನ್‌ಲೈನ್ ಕೋಪದಿಂದ ಕಾಗದಗಳನ್ನು ಬರೆದನು. ಅವು ಆತನು 1988ರಲ್ಲಿ ತೀರಿಕೊಂಡ ಮೇಲೆ, 1989ರಲ್ಲಿ, ಆತನ ಹೆಂಡತಿಯು ಪ್ರಕಟಿಸಿದ ಪತ್ರಸಂಗ್ರಹದಲ್ಲಿ ದೊರೆಯುತ್ತವೆ. ಕಡೆಗೆ ಬಂದೂಕಿಗೆ ಪರವಾನಗಿಯಿರಬೇಕೆಂಬ ಏರ್ಪಾಡನ್ನು ಕಥೆಯೊಳಗೆ ಸೇರಿಸಿ ಪುಸ್ತಕವನ್ನು ಅಚ್ಚುಹಾಕಿದರು. ಇಷ್ಟು ತಿದ್ದಿದ ಪುಸ್ತಕದಲ್ಲಿ ಉಳಿದುದೇನೆಂದು ನೋಡಿದರೆ ಆಶ್ಚರ್ಯವಾಗುತ್ತದೆ. ವಲಸೆಗಾರರು ಭೂಮಿಯಲ್ಲಿ ಕುಳಿತು ಆಳುವ ಕಂಪೆನಿಯ ವಿರುದ್ಧ ದಂಗೆಯೇಳುತ್ತಾರೆ; ಶರಣಾಗಲು ಹೊರಬಿದ್ದವರು ಗುಂಡಿಗೆ ಬಲಿಯಾಗುತ್ತಾರೆ; ಶಾಲೆಯ ಮುಖ್ಯೋಪಾಧ್ಯಾಯನನ್ನೂ ಕಂಪೆನಿಯ ಅಧಿಕಾರಿಯನ್ನೂ ಮಂಗಳಗ್ರಹದ ಮೂಲನಿವಾಸಿಗಳು ಸದ್ದಿಲ್ಲದೆ ಇಲ್ಲವಾಗಿಸಿಬಿಡುತ್ತಾರೆ. ಬಂದೂಕಿಗೆ ಪರವಾನಗಿ ಬಂದಿತು; ಕೊಲೆಯು ಹಾಗೆಯೇ ಉಳಿಯಿತು.

ಮೂರು ವರ್ಷದ ಮೇಲೆ ಇದಕ್ಕಿಂತ ವಿನೋದವಾದ ಪ್ರಸಂಗವೊಂದು ನಡೆಯಿತು. 1952ರ ‘ದಿ ರೋಲಿಂಗ್ ಸ್ಟೋನ್ಸ್’ನಲ್ಲಿ ಮಂಗಳಗ್ರಹದ ಚಪ್ಪಟೆ ಬೆಕ್ಕುಗಳು ಬರುತ್ತವೆ, ಮೈಗೆ ಅಂಟಿಕೊಂಡು ಗುರುಗುಟ್ಟುವುದೂ ಲೆಕ್ಕವಿಲ್ಲದೆ ಮರಿಹಾಕುವುದೂ ಅವುಗಳ ಕೆಲಸ. ಫ್ರಾಯ್ಡನ ಮನಶ್ಶಾಸ್ತ್ರದ ಕಣ್ಣಿನಿಂದ ನೋಡಿದರೆ ಇವುಗಳ ಪ್ರೀತಿಯ ರೀತಿಯು ಸಂದೇಹಾಸ್ಪದವೆಂದು ಸಂಪಾದಕಿಗೆ ತೋರಿತು. ಆ ಕಣ್ಣಿನಿಂದ ನೋಡತೊಡಗಿದರೆ ಮಕ್ಕಳ ಸಾಹಿತ್ಯದಲ್ಲಿ ಯಾವ ಬೆಕ್ಕೂ ಉಳಿಯಲಾರದೆಂಬ ಧಾಟಿಯಲ್ಲಿ ಗ್ರಂಥಕರ್ತನು ಉತ್ತರಕೊಟ್ಟನು. ಬೆಕ್ಕುಗಳು ಉಳಿದುಕೊಂಡವು.

1954ರ ‘ದಿ ಸ್ಟಾರ್ ಬೀಸ್ಟ್’ನಲ್ಲಿ ಬೆಟ್ಟಿ ಎಂಬ ಹುಡುಗಿಯು ನ್ಯಾಯಾಲಯದ ಮೂಲಕ ತನ್ನ ತಂದೆತಾಯಿಗಳಿಂದ ಬಿಡುಗಡೆ ಪಡೆದಿರುವವಳು. ಕಥೆಯಲ್ಲಿ ಇದು ಹಾದುಹೋಗುವ ಮಾತು. ಆದರೆ ಒಬ್ಬ ಗ್ರಂಥಪಾಲಕನು ವೃತ್ತಿಪತ್ರಿಕೆಯಲ್ಲಿ ಇದನ್ನೇ ಎತ್ತಿ ಖಂಡಿಸಿದನು. ಡಾಲ್ಗ್ಲೀಶರು ಯಾರಿಗೆ ಅಂಜುತ್ತಿದ್ದರೋ ಅವರು ಕೇವಲ ಕಲ್ಪಿತರಲ್ಲವೆಂದು ಇದರಿಂದ ತಿಳಿಯುತ್ತದೆ.

ಈಗ ಯಾವ ಆಕ್ಷೇಪಣೆಗೂ ಸಿಕ್ಕದೆ ದಾಟಿಹೋದುದನ್ನು ನೋಡಬೇಕು. 1950ರ ‘ಫಾರ್ಮರ್ ಇನ್ ದಿ ಸ್ಕೈ’ಯಲ್ಲಿ ಗುರುಗ್ರಹದ ಉಪಗ್ರಹಕ್ಕೆ ಒಕ್ಕಲು ಹೋದವರಲ್ಲಿ ಬಹುಮಂದಿ ಭೂಕಂಪದಲ್ಲಿ ಸಾಯುತ್ತಾರೆ, ಕಥೆ ಹೇಳುವ ಹುಡುಗನ ತಂಗಿಯೂ ಬದುಕುವುದಿಲ್ಲ. ಆ ಕಥೆಯು ಬಾಲಚರರ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. 1955ರ ‘ಟನಲ್ ಇನ್ ದಿ ಸ್ಕೈ’ಯಲ್ಲಿ ಪರೀಕ್ಷೆಗಾಗಿ ಅನ್ಯಗ್ರಹಕ್ಕೆ ಕಳುಹಿಸಲ್ಪಟ್ಟ ವಿದ್ಯಾರ್ಥಿಗಳು ಹಿಂದಿರುಗಲು ದಾರಿಯಿಲ್ಲದೆ ಅಲ್ಲಿಯೇ ಊರು ಕಟ್ಟುತ್ತಾರೆ, ಅವರಲ್ಲಿ ಕೊಲೆಯಾಗುತ್ತದೆ, ಮದುವೆಯಾಗುತ್ತದೆ, ಒಂದು ಮಗುವೂ ಹುಟ್ಟುತ್ತದೆ. ಮರುವರ್ಷದ ‘ಟೈಮ್ ಫಾರ್ ದಿ ಸ್ಟಾರ್ಸ್’ನಲ್ಲಿ ಬೆಳಕಿನ ವೇಗಕ್ಕೆ ಸಮೀಪವಾಗಿ ಪಯಣಮಾಡಿದ ತರುಣನು ಹಿಂದಿರುಗಿದಾಗ ಅವನ ಅವಳಿ ಸೋದರನು ಮುದುಕನಾಗಿದ್ದಾನೆ, ತರುಣನು ಮದುವೆಯಾಗುವುದು ಆ ಸೋದರನ ಮರಿಮಗಳನ್ನು. ಇವೆಲ್ಲವನ್ನೂ ಮೀರಿಸುವುದು 1957ರ ‘ಸಿಟಿಜನ್ ಆಫ್ ದಿ ಗ್ಯಾಲಕ್ಸಿ’. ಮೊದಲ ಪುಟದಲ್ಲಿಯೇ ಗುಲಾಮರ ಸಂತೆ. ಮೈಮೇಲೆ ಬಾಸುಂಡೆಗಳಿರುವ ಅನಾಥಬಾಲಕನನ್ನು ಹರಾಜಿಗೆ ನಿಲ್ಲಿಸಿದ್ದಾರೆ. ಆ ದೂರದ ನಗರಕ್ಕೆ ಗ್ರಂಥಕರ್ತನಿಟ್ಟ ಹೆಸರು ನಮ್ಮ ಜಬಲ್ಪುರದ್ದೆಂಬುದು ಗಮನಾರ್ಹ. ಬಾಲಕನನ್ನು ಕೊಂಡು ಮಗನಂತೆ ಸಾಕಿದ ಕುಂಟ ಭಿಕ್ಷುಕನು ಗುಪ್ತಚರನಾಗಿದ್ದು, ಅಧಿಕಾರಿಗಳ ಕೈಗೆ ಸಿಕ್ಕುವ ಮೊದಲೇ ವಿಷ ಕುಡಿಯುತ್ತಾನೆ; ಅವನ ತಲೆಯನ್ನು ಕಡಿಯುತ್ತಾರೆ. ಇದೇ ಕಥೆಯು ಅದೇ ವರ್ಷ ವಯಸ್ಕರ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿಯೂ ಪ್ರಕಟವಾಯಿತು. ತಂದೆಯು ಪತ್ರಿಕೆಯಲ್ಲಿ ಓದಿದುದನ್ನೇ ಮಗನು ಪುಸ್ತಕಾಲಯದಿಂದ ತಂದು ಓದಬಹುದಾಗಿದ್ದಿತು. ಎರಡಕ್ಕೂ ಅಂತರವು ಬಹುಮಟ್ಟಿಗೆ ರಟ್ಟಿನದು.

ಹೀಗಿರಲು, ತಿದ್ದುವವರ ಕಣ್ಣು ಎಲ್ಲಿ ನಿಲ್ಲುತ್ತಿದ್ದಿತೆಂಬುದು ಸುಮಾರಾಗಿ ಗೊತ್ತಾಗುತ್ತದೆ. ಬಂದೂಕು, ಬೆಕ್ಕಿನ ಗುರುಗುಟ್ಟುವಿಕೆ, ತಂದೆತಾಯಿಗಳಿಂದ ‘ವಿಚ್ಛೇದನ’ ಎಂಬ ಪದ, ಇವು ಪುಟ ತಿರುವುವವನಿಗೂ ಕಾಣುವ ವಸ್ತುಗಳು. ದಾಸ್ಯದ ನೋವೂ ಸೋದರರ ನಡುವಣ ಕಾಲದ ಕಂದಕವೂ ಪುಸ್ತಕವನ್ನು ಪೂರ್ತಿ ಓದಿದವನಿಗೆ ಮಾತ್ರ ಕಾಣುತ್ತವೆ. ಪೂರ್ತಿ ಓದುತ್ತಿದ್ದವನು ಹುಡುಗನೇ.

ಈ ನಿಯಮಕ್ಕೆ ಅಪವಾದವೂ ಉಂಟು. 1959ರಲ್ಲಿ ಹೈನ್‌ಲೈನ್ ಕೊಟ್ಟ ಹದಿಮೂರನೆಯ ಕೈಬರಹ ‘ಸ್ಟಾರ್‌ಷಿಪ್ ಟ್ರೂಪರ್ಸ್’ ಅನ್ನು ಸ್ಕ್ರಿಬ್ನರ್ಸ್‌ನವರು ಒಪ್ಪಲೇ ಇಲ್ಲ. ಸೈನ್ಯದಲ್ಲಿ ಸೇವೆಮಾಡಿ ಬಂದವರಿಗೆ ಮಾತ್ರ ಮತಾಧಿಕಾರವಿರುವ ರಾಜ್ಯ, ಬಹಿರಂಗವಾಗಿ ಛಡಿಯೇಟು, ಮಗುವನ್ನು ಕೊಂದ ಸೈನಿಕನಿಗೆ ಗಲ್ಲು, ಇಂಥವುಗಳಿಂದ ತುಂಬಿದ ಗ್ರಂಥವನ್ನು ಒಂದು ಪದವನ್ನೋ ಒಂದು ಪ್ರಕರಣವನ್ನೋ ತಿದ್ದಿ ಸರಿಪಡಿಸುವಂತಿರಲಿಲ್ಲ. ಇನ್ನೊಬ್ಬ ಪ್ರಕಾಶಕರಾದ ಪಟ್ನಮ್ಸ್‌ನವರು ಅದನ್ನು ಅಚ್ಚುಹಾಕಿದರು. 1960ರಲ್ಲಿ ಅದಕ್ಕೆ ಹ್ಯೂಗೋ ಬಹುಮಾನವೂ ಬಂದಿತು. ಗ್ರಂಥಕರ್ತನಿಗೂ ಸ್ಕ್ರಿಬ್ನರ್ಸ್‌ನವರಿಗೂ ಸಂಬಂಧವು ಅಲ್ಲಿಗೆ ಕಡಿಯಿತು. ಆ ಗ್ರಂಥದ ರಾಜಕೀಯ ತತ್ತ್ವಗಳನ್ನು ನಾವು ಒಪ್ಪುವುದಿಲ್ಲವಾದರೂ, ಅದನ್ನು ಪೂರ್ತಿ ಓದಿ ಪೂರ್ತಿಯಾಗಿ ನಿರಾಕರಿಸಿದುದು ಅರ್ಧ ಓದಿ ಅಲ್ಲಲ್ಲಿ ಕೊಯ್ಯುವುದಕ್ಕಿಂತ ಗೌರವದ ಕೆಲಸವೆಂದು ಭಾವಿಸುತ್ತೇವೆ.

ಹೊಸ ಪ್ರಕಾಶಕರ ಬಳಿಯೂ ತೊಂದರೆ ತಪ್ಪಲಿಲ್ಲ. 1963ರ ‘ಪೊಡ್ಕೇನ್ ಆಫ್ ಮಾರ್ಸ್’ ಮಂಗಳಗ್ರಹದ ಒಬ್ಬ ಹುಡುಗಿಯ ದಿನಚರಿಯ ರೂಪದಲ್ಲಿದೆ. ತಂದೆತಾಯಿಗಳಿಬ್ಬರೂ ತಮ್ಮ ತಮ್ಮ ವಿದ್ಯೆಯಲ್ಲಿ ಮುಳುಗಿದವರು, ಮಕ್ಕಳನ್ನು ನೋಡುವವರಿಲ್ಲ. ತಮ್ಮನು ಹೂಡಿದ ಬಾಂಬು ಸಿಡಿಯುವ ಹೊತ್ತಿನಲ್ಲಿ ಪೊಡ್ಕೇನಳು ಒಂದು ಪ್ರಾಣಿಯ ಮರಿಯನ್ನು ಉಳಿಸಲು ಹಿಂದಕ್ಕೆ ಹೋಗಿ ಸಾಯುತ್ತಾಳೆ. ಹೀಗೆ ಬರೆದುದು ಪ್ರಕಾಶಕರಿಗೆ ಸಮ್ಮತವಾಗಲಿಲ್ಲ. ಅಚ್ಚಾದ ಪಾಠದಲ್ಲಿ ಪೊಡ್ಕೇನಳು ಸಾಯುವುದಿಲ್ಲ. ಎಚ್ಚರವಿಲ್ಲದೆ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಬದುಕಬಹುದು. ಸುಮಾರು ನೂರು ವರ್ಷಗಳ ಹಿಂದೆ ಹ್ಯಾಟೆರಸ್‌ಗೆ ಆದಂತೆಯೇ ಇಲ್ಲಿಯೂ ಸಾವನ್ನು ತೆಗೆದು ಪ್ರಜ್ಞಾಹೀನತೆಯನ್ನು ಇಟ್ಟರು. ಉಪಾಯವೊಂದೇ, ಫಲವು ಬೇರೆ. ಹ್ಯಾಟೆರಸ್‌ನ ಹುಚ್ಚು ಆತನ ಧ್ರುವದ ಹಂಬಲದಿಂದಲೇ ಬೆಳೆದುಬಂದುದು. ಕಥೆಯ ಬೇರು ಅದರಲ್ಲಿದೆ. ಪೊಡ್ಕೇನಳ ಉಳಿವಿಗೆ ಕಥೆಯಲ್ಲಿ ಬೇರಿಲ್ಲ. ಮಕ್ಕಳನ್ನು ಅಲಕ್ಷ್ಯಮಾಡಿದ ತಂದೆತಾಯಿಗಳು ತೆರಬೇಕಾದ ಬೆಲೆಯೇನೆಂಬುದನ್ನು ತೋರಿಸುವುದಕ್ಕೆ ಹೊರಟ ಕಥೆಯಲ್ಲಿ ಆ ಬೆಲೆಯನ್ನೇ ಮನ್ನಾಮಾಡಿದಂತಾಯಿತು. ಕಥೆಯು ತರುಣರಿಗೆ ತಕ್ಕುದೋ ಅಲ್ಲವೋ ಎಂಬ ಚರ್ಚೆಯಲ್ಲಿ, ಅದು ಮುಖ್ಯವಾಗಿ ಹಿರಿಯರನ್ನು ಕುರಿತು ಹೇಳಿದ್ದೆಂಬುದನ್ನು ಗಮನಿಸಿದಂತೆ ಕಾಣುವುದಿಲ್ಲ.

ಇದುವರೆಗೆ ಹೇಳಿದ ತಿದ್ದುಪಡಿಗಳೆಲ್ಲವೂ ಗ್ರಂಥಕರ್ತನ ಕಣ್ಣಮುಂದೆ ಆದವು. ಆತನು ಜಗಳವಾಡಿದನು, ಸೋತನು, ಅಂತು ಆತನಿಗೆ ಗೊತ್ತಿದ್ದಿತು. ಈಗ ಹೇಳಲಿರುವುದು ಬೇರೆ ಬಗೆಯದು.

ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಮೊದಲು ಪ್ರಕಟವಾದುದು 1953ರಲ್ಲಿ, ಬ್ಯಾಲಂಟೈನ್ ಪ್ರಕಾಶಕರಿಂದ. ಪುಸ್ತಕಗಳನ್ನು ಹುಡುಕಿ ಸುಡುವುದೇ ಅಗ್ನಿಶಾಮಕದಳದ ಕೆಲಸವಾಗಿರುವ ಒಂದು ಮುಂದಿನ ಕಾಲದ ಕಥೆ ಅದು. ಗ್ರಂಥಕರ್ತನು ಇದನ್ನು ಹುಡುಗರಿಗಾಗಿ ಬರೆದುದಲ್ಲ. ಆದರೆ ಉಪಾಧ್ಯಾಯರು ಇದನ್ನು ಬಲುಬೇಗನೆ ತರಗತಿಗೆ ತಂದರು. 1967ರಲ್ಲಿ ಅದೇ ಪ್ರಕಾಶಕರು ಪ್ರೌಢಶಾಲೆಗಳಿಗೆಂದು ‘ಬ್ಯಾಲ್-ಹೈ’ ಎಂಬ ಮಾಲೆಯಲ್ಲಿ ಬೇರೆ ಮುದ್ರಣವನ್ನು ತೆಗೆದರು. ಅದರಲ್ಲಿ ಸುಮಾರು 75 ಕಡೆ ಪಾಠವನ್ನು ಬದಲಾಯಿಸಿದ್ದರು. ಬೈಗುಳಗಳನ್ನು ತೆಗೆದರು, ಗರ್ಭಪಾತವನ್ನು ಸೂಚಿಸುವ ಪದವನ್ನು ತೆಗೆದರು. ಒಂದೆಡೆ ಕುಡಿದ ಮನುಷ್ಯನಿದ್ದನು. ಅವನನ್ನು ಕಾಯಿಲೆಯ ಮನುಷ್ಯನನ್ನಾಗಿ ಮಾಡಿದರು. ಇನ್ನೊಂದೆಡೆ ಹೊಕ್ಕುಳಿನ ಕೊಳೆ ತೆಗೆಯುವ ಪ್ರಸ್ತಾಪವಿದ್ದಿತು. ಅದು ಕಿವಿಯ ಕೊಳೆಯಾಯಿತು. ಹೊಕ್ಕುಳು ಅಶ್ಲೀಲವೆಂದೂ ಕಿವಿಯು ಸಭ್ಯವೆಂದೂ ಗೊತ್ತುಮಾಡಿದ ಆ ಪಂಡಿತನು ಯಾರೋ!

ಗ್ರಂಥಕರ್ತನನ್ನು ಕೇಳಲಿಲ್ಲ, ಕೇಳಲಿಲ್ಲವೆಂಬುದೂ ಆತನಿಗೆ ತಿಳಿಯಲಿಲ್ಲ. ಕೆಲವು ವರ್ಷ ಎರಡು ಪಾಠಗಳೂ ಜೊತೆಜೊತೆಯಾಗಿ ಮಾರಾಟವಾದವು; ವಯಸ್ಕರಿಗೆ ಮೂಲ, ಶಾಲೆಗೆ ತಿದ್ದಿದ್ದು. 1973ರಿಂದ ಮೂಲವನ್ನು ಅಚ್ಚುಹಾಕುವುದು ನಿಂತು, ತಿದ್ದಿದ ಪಾಠವೊಂದೇ ಎಲ್ಲರಿಗೂ ಮಾರಾಟವಾಯಿತು. ಹೀಗೆ ಆರು ವರ್ಷಗಳ ಕಾಲ, ಹದಿನಾಲ್ಕು ವರ್ಷದವನಿಗೆಂದು ಕತ್ತರಿಸಿದ ಪುಸ್ತಕವನ್ನು ನಲವತ್ತು ವರ್ಷದವನೂ ಮೂಲವೆಂದೇ ತಿಳಿದು ಓದಿದನು. ಎಳೆಯರನ್ನು ಕಾಪಾಡಲು ಹಾಕಿದ ಬೇಲಿಯು ಯಾರಿಗೂ ತಿಳಿಯದಂತೆ ಹೊಲವನ್ನೆಲ್ಲ ಆವರಿಸಿಕೊಂಡಿತು. 1979ರಲ್ಲಿ ವ್ಯತ್ಯಾಸವನ್ನು ಕಂಡ ಓದುಗರಿಂದ ವಿಷಯವು ಬ್ರಾಡ್‌ಬರಿಯ ಕಿವಿಗೆ ಬಿದ್ದಿತು. ಆತನು ಮೂಲಪಾಠವನ್ನೇ ಅಚ್ಚುಹಾಕಬೇಕೆಂದು ಹಟಹಿಡಿದನು; ಒಂದು ಉಪಸಂಹಾರವನ್ನೂ ಬರೆದನು; 1980ರಲ್ಲಿ ಪುಸ್ತಕವು ಮೊದಲಿನ ರೂಪಕ್ಕೆ ಬಂದಿತು. ಕಾದಂಬರಿಯೊಳಗೆ ಅಗ್ನಿಶಾಮಕದಳದ ನಾಯಕನು ಹೇಳುವುದೂ ಇದನ್ನೇ: ಪುಸ್ತಕಗಳ ನಾಶವು ಸರ್ಕಾರದ ಆಜ್ಞೆಯಿಂದ ತೊಡಗಲಿಲ್ಲ, ಇವರಿಗೆ ನೋವಾದೀತು, ಅವರಿಗೆ ಬೇಸರವಾದೀತು ಎಂದು ಒಂದೊಂದಾಗಿ ಕತ್ತರಿಸುತ್ತ ಬಂದುದರಿಂದ ಆಯಿತು. ತಿದ್ದಿದವರು ಆ ಪುಟವನ್ನು ಹೊಕ್ಕುಳಿಗಾಗಿ ಹುಡುಕಿರಬಹುದು, ಓದಿರಲಾರರು.

ಈ ಎರಡು ಘಟ್ಟಗಳನ್ನು ಹೋಲಿಸಿ ನೋಡಿದರೆ ನಮಗೆ ಕಾಣುವ ಮುಖ್ಯವಾದ ಬದಲಾವಣೆ ಇದು: ಪ್ಯಾರಿಸಿನ ಹೆಟ್ಜೆಲ್ ವಸ್ತುವನ್ನು ಕುರಿತು ಗ್ರಂಥಕರ್ತನೊಡನೆ ವಾದಿಸಿದನು, ನ್ಯೂಯಾರ್ಕಿನ ಸಂಪಾದಕಿಯು ಕೊಳ್ಳುವವರನ್ನು ನೆನೆದು ಚಿಹ್ನೆಗಳನ್ನು ಕುರಿತು ವಾದಿಸಿದರು, 1967ರ ಹೆಸರಿಲ್ಲದ ಕೈಯು ಯಾರೊಡನೆಯೂ ವಾದಿಸದೆ ಪದಗಳನ್ನು ಕಿತ್ತಿತು. ಆಕ್ಷೇಪಿಸುವವನು ವಸ್ತುವಿನಿಂದ ಪದಕ್ಕೆ ಇಳಿದಂತೆಲ್ಲ ಓದುವುದು ಕಡಮೆಯಾಗುತ್ತ ಬಂದಿತು.

ಮುಂದಿನ ಕಾಲದ್ದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1957ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವು ತರುಣ ಓದುಗರಿಗಾಗಿ ಪ್ರತ್ಯೇಕ ವಿಭಾಗವನ್ನು ಏರ್ಪಡಿಸಿದುದರಿಂದ, ಮಕ್ಕಳೂ ಅಲ್ಲದ ವಯಸ್ಕರೂ ಅಲ್ಲದ ಒಂದು ವರ್ಗಕ್ಕೆ ಹೆಸರೂ ಕಪಾಟೂ ದೊರೆತವು. ಗ್ರಂಥಕರ್ತರು ಧೈರ್ಯವಾಗಿ ಬರೆಯತೊಡಗಿದರು. ರಾಬರ್ಟ್ ಓಬ್ರಿಯನ್‌ನ ‘ಝಡ್ ಫಾರ್ ಜಕರಾಯ’ ಆತನು ತೀರಿಕೊಂಡ ಮರುವರ್ಷ, 1974ರಲ್ಲಿ ಬಂದಿತು. ಅಣುಯುದ್ಧದ ತರುವಾಯ ಒಂದು ಕಣಿವೆಯಲ್ಲಿ ಒಂಟಿಯಾಗಿ ಉಳಿದ ಹುಡುಗಿಯು, ಅಲ್ಲಿಗೆ ಬಂದ ಗಂಡಸನ್ನು ಕಾಯಿಲೆಯಲ್ಲಿ ಶುಶ್ರೂಷೆಮಾಡಿ ಬದುಕಿಸಿ, ಅವನಿಂದಲೇ ಮಾನಭಂಗದ ಭಯಕ್ಕೆ ಒಳಗಾಗಿ ಓಡುತ್ತಾಳೆ. ಇದನ್ನು ಬ್ರಿಟನ್ನಿನ ಶಾಲೆಗಳಲ್ಲಿ ಪಾಠವಾಗಿಯೂ ಓದಿಸಿದ್ದಾರೆ. ಲೋಯಿಸ್ ಲೌರಿಯ ‘ದಿ ಗಿವರ್’ (1993) ನ್ಯೂಬೆರಿ ಪದಕವನ್ನು ಪಡೆಯಿತು. ಅದರಲ್ಲಿ ಹನ್ನೆರಡು ವರ್ಷದ ಹುಡುಗನು, ‘ಬಿಡುಗಡೆ’ ಎಂಬ ಮೃದುವಾದ ಮಾತಿನ ಮರೆಯಲ್ಲಿ ತನ್ನ ತಂದೆಯೇ ಹಸುಗೂಸಿಗೆ ಸೂಜಿಮದ್ದು ಚುಚ್ಚಿ ಕೊಲ್ಲುವುದನ್ನು ನೋಡುತ್ತಾನೆ. 1990ರ ದಶಕದಲ್ಲಿ ಅತಿಹೆಚ್ಚಾಗಿ ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಇದೂ ಸೇರಿತು.

ಆ ಪಟ್ಟಿಗಳೇ ಈಗ ಚರಿತ್ರಕಾರನಿಗೆ ಸಾಮಗ್ರಿ. ಪ್ರಕಾಶಕರು ಒಳಗೆ ಕತ್ತರಿಸುವುದು ಕಡಮೆಯಾದಂತೆ, ಹೊರಗಿನಿಂದ ದೂರು ಕೊಟ್ಟು ಪುಸ್ತಕವನ್ನೇ ಕಪಾಟಿನಿಂದ ತೆಗೆಸುವ ಪದ್ಧತಿಯು ಮುಂದಕ್ಕೆ ಬಂದಿತು. 1973ರಲ್ಲಿ ಉತ್ತರ ಡಕೋಟದ ಡ್ರೇಕ್ ಎಂಬ ಊರಿನ ಶಾಲೆಯವರು ಕರ್ಟ್ ವಾನಗಟ್‌ನ ‘ಸ್ಲಾಟರ್‌ಹೌಸ್ ಫೈವ್’ ಪ್ರತಿಗಳನ್ನು ಒಲೆಗೆ ಹಾಕಿದರು. ಅದೇ ಪುಸ್ತಕವೂ ಸೇರಿದಂತೆ ಕೆಲವನ್ನು ನ್ಯೂಯಾರ್ಕ್ ಪ್ರಾಂತದ ಒಂದು ಶಾಲಾಮಂಡಲಿಯವರು ತೆಗೆಸಿದಾಗ ವಿದ್ಯಾರ್ಥಿಗಳು ವ್ಯಾಜ್ಯ ಹೂಡಿದರು. 1982ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ನ್ಯಾಯಾಧೀಶರು ಒಮ್ಮತಕ್ಕೆ ಬಾರದಿದ್ದರೂ, ವಿದ್ಯಾರ್ಥಿಗಳ ಪಕ್ಷವನ್ನೇ ಎತ್ತಿಹಿಡಿಯಿತು. 2008ರ ‘ದಿ ಹಂಗರ್ ಗೇಮ್ಸ್’ನಲ್ಲಿ ಹನ್ನೆರಡರಿಂದ ಹದಿನೆಂಟು ವರ್ಷದೊಳಗಿನ 24 ಮಂದಿಯನ್ನು ಒಂದು ಕಣದಲ್ಲಿ ಬಿಟ್ಟು, ಒಬ್ಬರು ಉಳಿಯುವವರೆಗೆ ಕೊಲ್ಲಿಸಿ, ಅದನ್ನು ದೇಶಕ್ಕೆಲ್ಲ ವಿನೋದವಾಗಿ ತೋರಿಸುತ್ತಾರೆ. 2010ರಲ್ಲಿ ಈ ಗ್ರಂಥದ ಮೇಲೆ ಬಂದ ದೂರುಗಳಲ್ಲಿ ಹಿಂಸೆಯ ಮಾತಿದೆ, ಅದು ಸಹಜ. ಆದರೆ ಕಾಮವರ್ಣನೆಯು ಸ್ಪಷ್ಟವಾಗಿದೆಯೆಂಬ ದೂರೂ ಇದೆ. ಎರಡು ಮೂರು ಮುತ್ತುಗಳಿಗಿಂತ ಹೆಚ್ಚಿನದನ್ನು ಆ ಪುಸ್ತಕದಲ್ಲಿ ಹುಡುಕಿದವರು ನಿರಾಶರಾಗಿಯೇ ಹಿಂದಿರುಗಬೇಕು. ಓದದೆ ದೂರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಸಿಕ್ಕಲಾರದು.

ಪಾಠಪರಿಷ್ಕರಣದ ವಿಷಯವಾಗಿ ಎರಡು ಮಾತು. 1973ರಿಂದ 1979ರವರೆಗಿನ ಮುದ್ರಣದ ‘ಫ್ಯಾರನ್‌ಹೀಟ್ 451’ ಪ್ರತಿಗಳು ಹಳೆಯ ಪುಸ್ತಕಾಲಯಗಳಲ್ಲಿ ಇರುವ ಸಂಭವವುಂಟು. ಅದನ್ನು ಪಾಠಹೇಳುವವರು ಮುದ್ರಣದ ಇಸವಿಯನ್ನು ಮೊದಲು ನೋಡಿಕೊಳ್ಳುವುದು ಅವಶ್ಯಕ. ‘ರೆಡ್ ಪ್ಲಾನೆಟ್’ನ ಮೂಲಪಾಠವು ಗ್ರಂಥಕರ್ತನ ಮರಣಾನಂತರ ಬೆಳಕಿಗೆ ಬಂದಿದೆ. ‘ಪೊಡ್ಕೇನ್’ ಅನ್ನು 1993ರಲ್ಲಿ ಬೇನ್ ಪ್ರಕಾಶಕರು ಎರಡು ಮುಕ್ತಾಯಗಳೊಡನೆಯೂ ಅಚ್ಚುಹಾಕಿ, ಯಾವುದು ಉಳಿಯಬೇಕೆಂದು ಓದುಗರನ್ನೇ ಕೇಳಿ, ಕಾರಣ ಸಹಿತ ಪ್ರಬಂಧಗಳನ್ನು ಕಳುಹಿಸುವಂತೆ ಪ್ರಕಟಣೆ ಕೊಟ್ಟರು. ಬಂದವುಗಳಲ್ಲಿ ಇಪ್ಪತ್ತೈದನ್ನು 1995ರ ಮುದ್ರಣದಲ್ಲಿ ಸೇರಿಸಿದ್ದಾರೆ. ಓದುಗರು ಆರಿಸಿದುದು ಪೊಡ್ಕೇನಳು ಸಾಯುವ ಮುಕ್ತಾಯವನ್ನು.